ಚಟ ಬಿಡಿಸುವ ಹತ್ತು ದಿನ, ಮತ್ತು ಹನ್ನೊಂದನೆಯ ದಿನ

ಮನೆಯ ಯಜಮಾನರು ಅಯ್ಯಪ್ಪಸ್ವಾಮಿಯ ಮಾಲೆ ಹಾಕಿದ್ದಾರೆ. ಹದಿನೈದು ವರ್ಷಗಳಿಂದ ದಿನವೂ ಕುಡಿಯುತ್ತಿದ್ದವರು, ಈಚೆಗೆ ಬೆಳಗ್ಗೆ ಹಲ್ಲುಜ್ಜುವ ಮೊದಲೇ ಒಂದು ‘ನೈಂಟಿ’ ಇಳಿಸದಿದ್ದರೆ ಕೈ ನಿಲ್ಲದು ಎನ್ನುತ್ತಿದ್ದವರು, 41 ದಿನದ ವ್ರತವೆಂದು ಎಲ್ಲವನ್ನೂ ಒಮ್ಮೆಲೇ ಬಿಟ್ಟಿದ್ದಾರೆ. ಮನೆಯವರಿಗೆ ಹೇಳಲಾರದಷ್ಟು ಸಂತೋಷ. ಮೊದಲ ದಿನ ಕೈ ನಡುಗುತ್ತದೆ, ಮೈ ಬೆವರುತ್ತದೆ. ನಸುಕಿನ ತಣ್ಣೀರು ಸ್ನಾನದ ಚಳಿ ಇರಬೇಕು ಎಂದುಕೊಳ್ಳುತ್ತಾರೆ. ಎರಡನೆಯ ರಾತ್ರಿ ಕಣ್ಣಿಗೆ ನಿದ್ದೆ ಹತ್ತುವುದಿಲ್ಲ. ಮೂರನೆಯ ದಿನ ಸಂಜೆ, ಗೋಡೆಯ ಮೇಲೆ ಹುಳುಗಳು ಹರಿದಾಡುತ್ತಿವೆ ಎಂದು ಕೈಯಿಂದ ಒರೆಸತೊಡಗುತ್ತಾರೆ. ಎದುರಿಗೆ ನಿಂತ ಸ್ವಂತ ಮಗಳನ್ನು ‘ನೀನ್ಯಾರಮ್ಮ?’ ಎಂದು ಕೇಳುತ್ತಾರೆ. ವ್ರತದಲ್ಲಿ ಏನೋ ಅಪಚಾರವಾಯಿತು ಎಂದು ತಾಯಿ ಅಳುತ್ತಾರೆ. ಗಾಳಿ ಸೋಕಿದೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಮಂತ್ರಿಸಿದ ನಿಂಬೆಹಣ್ಣು ತರಲು ಒಬ್ಬರು ಓಡುತ್ತಾರೆ.

ಅಪಚಾರವೂ ಆಗಿಲ್ಲ, ಗಾಳಿಯೂ ಸೋಕಿಲ್ಲ. ಬಹುಕಾಲ ಮದ್ಯಕ್ಕೆ ಒಗ್ಗಿಕೊಂಡಿದ್ದ ಮಿದುಳು, ಅದು ಥಟ್ಟನೆ ನಿಂತುಹೋದಾಗ ತೋರುವ ಪ್ರತಿಕ್ರಿಯೆ ಇದು. ಆ ಹೊತ್ತಿನಲ್ಲಿ ಅವರಿರಬೇಕಾದ ಜಾಗ ದೇವರ ಮನೆಯಲ್ಲ, ಆಸ್ಪತ್ರೆ.

ಶ್ರಾವಣ ಮಾಸವೆಂದು ಬಿಟ್ಟವರಲ್ಲಿ, ಮಗಳ ಮದುವೆ ಗೊತ್ತಾಯಿತೆಂದು ಬಿಟ್ಟವರಲ್ಲಿ, ಕಾಲು ಮುರಿದು ಆಸ್ಪತ್ರೆ ಸೇರಿದವರಲ್ಲಿ ಇದೇ ಕಥೆ ನಡೆಯುತ್ತದೆ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್‌ನಿಂದ ಮದ್ಯದಂಗಡಿಗಳು ಒಮ್ಮೆಲೇ ಮುಚ್ಚಿ, ಕರ್ನಾಟಕದಲ್ಲಿ ಮೇ 4ರವರೆಗೆ ತೆರೆಯಲಿಲ್ಲ. ಆ ದಿನಗಳಲ್ಲಿ ಇಂಥ ತೀವ್ರ ಸ್ಥಿತಿಯಲ್ಲಿ ಬೆಂಗಳೂರಿನ ಆಸ್ಪತ್ರೆಗಳಿಗೆ ಬಂದವರ ಸಂಖ್ಯೆ ಏರಿದ್ದನ್ನು ನಿಮ್ಹಾನ್ಸ್ ವೈದ್ಯರು ಅದೇ ವರ್ಷ ದಾಖಲಿಸಿದರು.

ಕುಡಿತವನ್ನಾಗಲಿ ಮಾದಕ ವಸ್ತುವನ್ನಾಗಲಿ ಬಿಡುವುದು ಒಳ್ಳೆಯದೇ. ಆದರೆ ಬಿಡುವುದಕ್ಕೂ ಒಂದು ಕ್ರಮವಿದೆ. ಆ ಕ್ರಮದ ಮೊದಲ ಮೆಟ್ಟಿಲನ್ನು ವೈದ್ಯರು ‘ಡಿಟಾಕ್ಸಿಫಿಕೇಶನ್’ ಎನ್ನುತ್ತಾರೆ. ಕನ್ನಡದಲ್ಲಿ ನಿರ್ವಿಷೀಕರಣ ಎನ್ನಬಹುದು. ಈ ಮೆಟ್ಟಿಲಿನ ಬಗ್ಗೆ ನಮ್ಮ ಮನೆಗಳಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. ಇದನ್ನು ಕೋಣೆಯಲ್ಲಿ ಕೂಡಿಹಾಕಿ ಮನೆಯಲ್ಲೇ ಮಾಡಬಹುದು ಎಂಬುದು ಒಂದು. ಆಸ್ಪತ್ರೆಯಲ್ಲಿ ಹತ್ತು ದಿನ ಇಟ್ಟರೆ ಚಟ ಬಿಟ್ಟುಹೋಯಿತು ಎಂಬುದು ಇನ್ನೊಂದು. ಎರಡೂ ಪ್ರಾಣಕ್ಕೆ ಎರವಾಗಬಲ್ಲವು.

ವಿಷ ತೊಳೆಯುವುದಲ್ಲ

‘ಗ್ಲೂಕೋಸ್ ಏರಿಸಿ ರಕ್ತ ಶುದ್ಧ ಮಾಡಿಬಿಡಿ ಡಾಕ್ಟ್ರೇ’ ಎಂದು ಎಷ್ಟೋ ಮಂದಿ ಕೇಳುತ್ತಾರೆ. ಹೆಸರಿನಲ್ಲಿ ವಿಷ ಎಂಬ ಮಾತಿದ್ದರೂ ಇಲ್ಲಿ ತೊಳೆದು ತೆಗೆಯುವಂಥದ್ದು ಹೆಚ್ಚೇನೂ ಇಲ್ಲ. ಯಕೃತ್ತು ಗಂಟೆಗೆ ಹೆಚ್ಚುಕಡಿಮೆ 30 ಮಿಲಿಲೀಟರಿನ ಒಂದು ಪೆಗ್‌ನಷ್ಟು ಮದ್ಯವನ್ನು ತಾನಾಗಿಯೇ ಕರಗಿಸುತ್ತದೆ. ಎಷ್ಟೇ ಕುಡಿದವನ ರಕ್ತದಿಂದಲೂ ಒಂದೆರಡು ದಿನದಲ್ಲಿ ಮದ್ಯ ಹೊರಟುಹೋಗುತ್ತದೆ. ಕಷ್ಟ ಆರಂಭವಾಗುವುದೇ ಅದು ಹೋದ ಮೇಲೆ.

ಘಟ್ಟ ಇಳಿಯುವ ಬಸ್ಸನ್ನು ನೆನಪಿಸಿಕೊಳ್ಳಿ. ನಮ್ಮ ಮಿದುಳಿನಲ್ಲೂ ಬ್ರೇಕ್‌ನ ಕೆಲಸ ಮಾಡುವ ರಾಸಾಯನಿಕವಿದೆ, ಆಕ್ಸಿಲರೇಟರ್‌ನ ಕೆಲಸ ಮಾಡುವ ರಾಸಾಯನಿಕವೂ ಇದೆ. ಮೊದಲನೆಯದರ ಹೆಸರು ಗಾಬಾ, ಎರಡನೆಯದು ಗ್ಲುಟಮೇಟ್. ಮದ್ಯ ಬ್ರೇಕನ್ನು ಒತ್ತುತ್ತದೆ. ಕುಡಿದವನಿಗೆ ಮಂಪರು, ನಿರಾಳ ಬರುವುದು ಅದರಿಂದ. ವರ್ಷಗಟ್ಟಲೆ ಯಾರೋ ಬ್ರೇಕ್ ಒತ್ತಿಯೇ ಹಿಡಿದಿದ್ದರೆ, ಬಸ್ಸು ಓಡಲೇಬೇಕಲ್ಲ, ಮಿದುಳು ತನ್ನ ಬ್ರೇಕನ್ನು ಸಡಿಲಿಸಿ ಆಕ್ಸಿಲರೇಟರನ್ನು ಬಲವಾಗಿ ತುಳಿದುಕೊಂಡು ಹೇಗೋ ಸಮತೋಲ ಕಾಯ್ದುಕೊಳ್ಳುತ್ತದೆ. ಇಂಥ ಸ್ಥಿತಿಯಲ್ಲಿ ಮದ್ಯವನ್ನು ಥಟ್ಟನೆ ತೆಗೆದರೆ? ಬ್ರೇಕ್ ಇಲ್ಲ, ಆಕ್ಸಿಲರೇಟರ್ ಮಾತ್ರ ಪೂರ್ತಿ ಒತ್ತಿದೆ. ನಡುಕ, ಬೆವರು, ಎದೆಬಡಿತ, ಫಿಟ್ಸ್, ಸನ್ನಿ ಎಲ್ಲವೂ ಆ ಅಂಕೆ ತಪ್ಪಿದ ಓಟದ ರೂಪಗಳು. ಇವಕ್ಕೆ ಹಿಂತೆಗೆತದ ಲಕ್ಷಣಗಳು ಎಂದು ಹೆಸರು.

ಇದು ಬಹುಕಾಲ ವೈದ್ಯರಿಗೂ ಸ್ಪಷ್ಟವಿರಲಿಲ್ಲ. ಕುಡುಕರಲ್ಲಿ ಕಾಣುವ ನಡುಕದ ಸನ್ನಿಗೆ 1813ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ಸಟ್ಟನ್ ‘ಡೆಲಿರಿಯಂ ಟ್ರೆಮೆನ್ಸ್’ ಎಂದು ಹೆಸರಿಟ್ಟರು. ಅದು ಅತಿಯಾಗಿ ಕುಡಿದದ್ದರಿಂದ ಬರುತ್ತದೋ, ಹೊಟ್ಟೆಗಿಲ್ಲದೆ ಬರುತ್ತದೋ, ಬಿಟ್ಟದ್ದರಿಂದ ಬರುತ್ತದೋ ಎಂಬ ಚರ್ಚೆ ಮುಂದೆಯೂ ನಡೆಯಿತು. 1955ರಲ್ಲಿ ಅಮೆರಿಕದ ಲೆಕ್ಸಿಂಗ್ಟನ್‌ನಲ್ಲಿ ಹ್ಯಾರಿಸ್ ಇಸ್ಬೆಲ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ, ಚೆನ್ನಾಗಿ ಊಟ ಮಾಡುತ್ತಿದ್ದವರಲ್ಲೂ ವಾರಗಟ್ಟಲೆ ಕುಡಿದು ನಿಲ್ಲಿಸಿದ ಮೇಲೆ ಫಿಟ್ಸ್ ಮತ್ತು ಸನ್ನಿ ಬರುತ್ತವೆ ಎಂದು ತೋರಿಸಿತು.

ಗಡಿಯಾರ ನೋಡಿಕೊಳ್ಳಿ

ಈ ಲಕ್ಷಣಗಳು ಬರುವುದಕ್ಕೆ ಒಂದು ವೇಳಾಪಟ್ಟಿ ಇದೆ. ಮನೆಯವರು ಅದನ್ನು ತಿಳಿದಿದ್ದರೆ ಅರ್ಧ ಅಪಾಯ ತಪ್ಪಿದಂತೆ.

ಕೊನೆಯ ಗುಟುಕಿನ 6ರಿಂದ 12 ಗಂಟೆಗಳಲ್ಲಿ ಕೈ ನಡುಕ, ಬೆವರು, ವಾಕರಿಕೆ, ಗಾಬರಿ, ನಿದ್ದೆಗೇಡು ಶುರುವಾಗುತ್ತವೆ. ಫಿಟ್ಸ್ ಬರುವುದಿದ್ದರೆ ಸಾಮಾನ್ಯವಾಗಿ ಮೊದಲ 48 ಗಂಟೆಗಳೊಳಗೆ ಬರುತ್ತದೆ. ಎಲ್ಲಕ್ಕಿಂತ ಭಯಂಕರವಾದ ಸನ್ನಿ ಎರಡನೆಯ ದಿನದ ಕೊನೆಯಿಂದ ನಾಲ್ಕನೆಯ ದಿನದ ನಡುವೆ ಕಾಣಿಸಿಕೊಳ್ಳುತ್ತದೆ. ದಿನ, ಸ್ಥಳ, ಜನ ಯಾವುದೂ ಗೊತ್ತಾಗುವುದಿಲ್ಲ. ಇಲ್ಲದ ಹುಳು ಹುಪ್ಪಟೆ ಕಾಣುತ್ತವೆ, ಇಲ್ಲದ ಬೀಡಿಯನ್ನು ಹಚ್ಚಿ ಸೇದುತ್ತಾರೆ. ಜ್ವರ, ರಕ್ತದೊತ್ತಡ, ನಾಡಿ ಎಲ್ಲವೂ ಏರುತ್ತವೆ. ಚಿಕಿತ್ಸೆ ಸಿಗದಿದ್ದರೆ ಇದು ಸಾವಿನಲ್ಲಿ ಮುಗಿಯಬಹುದು.

ಕುಡಿಯುವ ಎಲ್ಲರಿಗೂ ಹೀಗಾಗುವುದಿಲ್ಲ. ಅನೇಕರು ಎರಡು ಮೂರು ದಿನದ ನಡುಕ, ಸಂಕಟಗಳಲ್ಲೇ ಪಾರಾಗುತ್ತಾರೆ. ವೈದ್ಯರ ಸಲಹೆಯಂತೆ ಮಾತ್ರೆ ತೆಗೆದುಕೊಂಡು, ಜವಾಬ್ದಾರಿಯುಳ್ಳ ಒಬ್ಬರು ಜೊತೆಗಿದ್ದರೆ ಇವರು ಮನೆಯಲ್ಲೇ ಬಿಡಬಹುದು. ಆದರೆ ಕೆಳಗಿನ ಯಾವುದೇ ಒಂದು ಇದ್ದರೂ ಮನೆಯ ಪ್ರಯೋಗ ಬೇಡ:

• ಹಿಂದೆ ಕುಡಿತ ಬಿಟ್ಟಾಗ ಫಿಟ್ಸ್ ಅಥವಾ ಸನ್ನಿ ಬಂದಿದ್ದರೆ
• ಬೆಳಗ್ಗೆ ಎದ್ದ ಕೂಡಲೇ ಕುಡಿಯದೆ ಕೈ ನಿಲ್ಲದ ಸ್ಥಿತಿ ಇದ್ದರೆ
• ಕಾಮಾಲೆ, ಹೊಟ್ಟೆಯಲ್ಲಿ ನೀರು, ರಕ್ತವಾಂತಿ, ಹೃದಯದ ಕಾಯಿಲೆ ಅಥವಾ ಸಕ್ಕರೆ ಕಾಯಿಲೆ ಇದ್ದರೆ
• ತಲೆಗೆ ಪೆಟ್ಟಾಗಿದ್ದರೆ, ಅಥವಾ ದಿನಗಟ್ಟಲೆ ಊಟ ಬಿಟ್ಟಿದ್ದರೆ
• ಕುಡಿತದ ಜೊತೆಗೆ ನಿದ್ದೆ ಮಾತ್ರೆಯ ಅಭ್ಯಾಸವೂ ಇದ್ದರೆ
• ಸಾಯುವ ಮಾತಾಡುತ್ತಿದ್ದರೆ, ಅಥವಾ ಮನೆಯಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲದಿದ್ದರೆ

ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡುವುದರಿಂದ ಪ್ರಯೋಜನವಿಲ್ಲ. ಬಾಯಿಗೆ ನೀರು, ಚಮಚ ಏನನ್ನೂ ಹಾಕಬೇಡಿ. ಒಂದು ಮಗ್ಗುಲಿಗೆ ಮಲಗಿಸಿ, ಸುತ್ತಲಿನ ಗಟ್ಟಿ ವಸ್ತುಗಳನ್ನು ದೂರ ಸರಿಸಿ, 108ಕ್ಕೆ ಫೋನ್ ಮಾಡಿ.

ಆಸ್ಪತ್ರೆಯಲ್ಲಿ ಏನು ನಡೆಯುತ್ತದೆ?

ಮೊದಲು ಪ್ರಶ್ನೆಗಳು. ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ಕೊನೆಯದಾಗಿ ಕುಡಿದದ್ದು ಯಾವಾಗ, ಜೊತೆಗೆ ಬೇರೇನು? ದಯವಿಟ್ಟು ಇಲ್ಲಿ ಮುಚ್ಚಿಡಬೇಡಿ. ಮರ್ಯಾದೆಗೆ ಅಂಜಿ ‘ದಿನಕ್ಕೆ ಒಂದು ಕ್ವಾರ್ಟರ್ ಅಷ್ಟೇ’ ಎಂದರೆ ಔಷಧದ ಲೆಕ್ಕ ತಪ್ಪುತ್ತದೆ. ಆಮೇಲೆ ನಾಡಿ, ರಕ್ತದೊತ್ತಡ, ಯಕೃತ್ತಿನ ಪರೀಕ್ಷೆ, ರಕ್ತದ ಸಕ್ಕರೆ ಮತ್ತು ಲವಣಾಂಶ ನೋಡುತ್ತಾರೆ.

ಚಿಕಿತ್ಸೆಯ ಮುಖ್ಯ ಔಷಧ ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಡಯಾಜೆಪಾಮ್ ಗುಂಪಿನದು. ಮದ್ಯ ಒತ್ತುತ್ತಿದ್ದ ಬ್ರೇಕನ್ನೇ ಇವು ತಾತ್ಕಾಲಿಕವಾಗಿ ಒತ್ತಿ ಹಿಡಿಯುತ್ತವೆ. ಮೊದಲ ಎರಡು ದಿನ ಸಾಕಷ್ಟು ಪ್ರಮಾಣದಲ್ಲಿ ಕೊಟ್ಟು, ಅನಂತರ ದಿನದಿಂದ ದಿನಕ್ಕೆ ಇಳಿಸುತ್ತ ಒಂದು ವಾರ ಹತ್ತು ದಿನಗಳಲ್ಲಿ ನಿಲ್ಲಿಸುತ್ತಾರೆ. ಅಷ್ಟರಲ್ಲಿ ಮಿದುಳು ತನ್ನ ಸ್ವಂತ ಬ್ರೇಕನ್ನು ಬಿಗಿ ಮಾಡಿಕೊಂಡಿರುತ್ತದೆ. ಯಕೃತ್ತು ಹಾಳಾಗಿದ್ದವರಿಗೆ ಲೊರಾಜೆಪಾಮ್ ಬಳಸುವುದು ವಾಡಿಕೆ. ಇವೆಲ್ಲ ವೈದ್ಯರ ಕಣ್ಣೆದುರು ಕೊಡಬೇಕಾದ ಔಷಧಗಳು. ಔಷಧದಂಗಡಿಯಲ್ಲಿ ಕೇಳಿ ತಂದು ಮನೆಯಲ್ಲಿ ಕೊಟ್ಟರೆ, ಅದರ ಮೇಲೆ ಆತ ಕುಡಿದರೆ, ಉಸಿರೇ ನಿಲ್ಲಬಹುದು.

ಎರಡನೆಯ ಔಷಧ ಸಾಧಾರಣವಾದದ್ದು, ಆದರೆ ಅದರ ಮಹತ್ವ ದೊಡ್ಡದು. ಅದು ಥಯಾಮಿನ್, ಅಂದರೆ ಬಿ1 ಜೀವಸತ್ವ. ಊಟ ಬಿಟ್ಟು ಕುಡಿಯುವವರಲ್ಲಿ ಇದು ಬರಿದಾಗಿರುತ್ತದೆ. ಕೊರತೆ ತೀವ್ರವಾದರೆ ಕಣ್ಣು ಗುಡ್ಡೆಗಳ ಚಲನೆ ಕೆಡುತ್ತದೆ, ನಡಿಗೆ ತೂರಾಡುತ್ತದೆ, ಗೊಂದಲ ಕವಿಯುತ್ತದೆ. 1881ರಲ್ಲಿ ಇದನ್ನು ವರ್ಣಿಸಿದ ಜರ್ಮನಿಯ ಕಾರ್ಲ್ ವೆರ್ನಿಕೆ ಅವರ ಹೆಸರಿನಿಂದಲೇ ಈ ರೋಗವನ್ನು ಕರೆಯುತ್ತಾರೆ. ಸಕಾಲಕ್ಕೆ ಗಮನಿಸದಿದ್ದರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ಬಿ1 ಇಲ್ಲದ ಮಿದುಳಿಗೆ ಬರೀ ಗ್ಲೂಕೋಸ್ ಏರಿಸಿದರೆ ಈ ಅಪಾಯ ಹೆಚ್ಚುತ್ತದೆ. ಆದ್ದರಿಂದಲೇ ಥಯಾಮಿನ್ ಇಂಜೆಕ್ಷನ್ ಮೊದಲು, ಗ್ಲೂಕೋಸ್ ಆಮೇಲೆ. ‘ಒಂದು ಬಾಟಲಿ ಗ್ಲೂಕೋಸ್ ಹಾಕಿ ಕಳಿಸಿ’ ಎಂದು ಒತ್ತಾಯಿಸುವ ಮುನ್ನ ಇದನ್ನು ನೆನಪಿಡಿ.

ಒಂದೊಂದು ಚಟಕ್ಕೆ ಒಂದೊಂದು ದಾರಿ

ಬ್ರೌನ್ ಶುಗರ್, ಹೆರಾಯಿನ್, ನೋವಿನ ಮಾತ್ರೆ ಮುಂತಾದ ಅಫೀಮಿನ ಬಳಗದ ವಸ್ತುಗಳದು ಬೇರೆ ಸ್ವಭಾವ. ಕೊನೆಯ ಸೇವನೆಯ 8ರಿಂದ 12 ಗಂಟೆಗಳಲ್ಲಿ ಆಕಳಿಕೆ, ಕಣ್ಣು ಮೂಗಿನಲ್ಲಿ ನೀರು, ಮೈ ಜುಮ್ಮೆನ್ನುವುದು, ಮೂಳೆ ಮುರಿದಂಥ ನೋವು, ಹೊಟ್ಟೆ ನುಲಿತ, ಭೇದಿ. ಎರಡು ಮೂರನೆಯ ದಿನ ಉತ್ತುಂಗಕ್ಕೇರಿ ವಾರದಲ್ಲಿ ಇಳಿಯುತ್ತದೆ. ನೋಡುವವರಿಗೆ ಕರುಳು ಕಿವುಚುವಷ್ಟು ಸಂಕಟ. ಆದರೂ, ಮೈಯ ನೀರಿನಂಶ ಕಾಯ್ದುಕೊಂಡರೆ, ಆರೋಗ್ಯವಂತರಲ್ಲಿ ಈ ಹಿಂತೆಗೆತದಿಂದ ಸಾವು ಅಪರೂಪ. ನಾಲಿಗೆಯ ಕೆಳಗೆ ಇಡುವ ಬ್ಯುಪ್ರೆನಾರ್ಫಿನ್ ಮಾತ್ರೆ, ಕ್ಲೊನಿಡಿನ್ ಮುಂತಾದವು ಸಂಕಟವನ್ನು ಬಹಳಷ್ಟು ತಗ್ಗಿಸುತ್ತವೆ.

ಇಲ್ಲಿ ಅಪಾಯ ಕಾದಿರುವುದು ಚಿಕಿತ್ಸೆ ಮುಗಿಸಿ ಮನೆಗೆ ಬಂದ ಮೇಲೆ. ಹತ್ತು ಹದಿನೈದು ದಿನ ದೂರವಿದ್ದ ದೇಹ ತನ್ನ ತಾಳಿಕೆಯನ್ನು ಕಳೆದುಕೊಂಡಿರುತ್ತದೆ. ಹಳೆಯ ಗೆಳೆಯರು ಸಿಕ್ಕಿ, ‘ಒಂದೇ ಸಲ’ ಎಂದು ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರಾಟ ನಿಲ್ಲುತ್ತದೆ. ಚಿಕಿತ್ಸೆ ಪಡೆದು ಬಂದ ಮಗ ವಾರದೊಳಗೆ ಹೆಣವಾದ ಎಂಬ ದುಃಖದ ಹಿಂದೆ ಅನೇಕ ವೇಳೆ ಇರುವುದು ಈ ಕಾರಣ. ಆದ್ದರಿಂದಲೇ ಅಫೀಮಿನ ಬಳಗದ ವ್ಯಸನಕ್ಕೆ ಬರೀ ನಿರ್ವಿಷೀಕರಣ ಸಾಲದು. ಬ್ಯುಪ್ರೆನಾರ್ಫಿನ್ ಅಥವಾ ಮೆಥಡೋನ್ ಔಷಧವನ್ನು ದೀರ್ಘಕಾಲ, ವೈದ್ಯರ ಉಸ್ತುವಾರಿಯಲ್ಲಿ ಮುಂದುವರಿಸುವುದು ಹೆಚ್ಚಿನವರಿಗೆ ಸೂಕ್ತ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ‘ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸಿದರು’ ಎಂದು ದೂರಬೇಡಿ. ರಕ್ತದೊತ್ತಡಕ್ಕೆ ದಿನವೂ ಮಾತ್ರೆ ನುಂಗುವುದಿಲ್ಲವೆ, ಇದೂ ಹಾಗೆಯೇ.

ನಿದ್ದೆ ಮಾತ್ರೆ, ಆತಂಕದ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿದವರು ಒಮ್ಮೆಲೇ ನಿಲ್ಲಿಸಿದರೆ ಮದ್ಯದಂತೆಯೇ ಫಿಟ್ಸ್ ಬರಬಹುದು. ಇವನ್ನು ವಾರಗಳ, ಕೆಲವೊಮ್ಮೆ ತಿಂಗಳುಗಳ ಅವಧಿಯಲ್ಲಿ ಹಂತಹಂತವಾಗಿ ಇಳಿಸಬೇಕು. ಗಾಂಜಾ ಬಿಟ್ಟವರಲ್ಲಿ ಸಿಡುಕು, ನಿದ್ದೆಗೇಡು, ಹಸಿವಿಲ್ಲದಿರುವುದು ಒಂದೆರಡು ವಾರ ಕಾಡುತ್ತವೆ. ಅದು ಪ್ರಾಣಾಪಾಯವಲ್ಲ, ತಾಳ್ಮೆಯ ಪರೀಕ್ಷೆ.

ಹನ್ನೊಂದನೆಯ ದಿನ

ಹತ್ತು ದಿನ ಕಳೆಯಿತು. ಕೈ ನಡುಗುವುದಿಲ್ಲ, ಹೊಟ್ಟೆ ತುಂಬ ಊಟ ಮಾಡುತ್ತಾರೆ, ಮುಖದಲ್ಲಿ ಕಳೆ ಬಂದಿದೆ. ‘ಇನ್ನು ಜನ್ಮದಲ್ಲಿ ಮುಟ್ಟೊಲ್ಲ’ ಎಂದು ಮಕ್ಕಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡುತ್ತಾರೆ. ಆ ಗಳಿಗೆಯಲ್ಲಿ ಅದು ಸುಳ್ಳಲ್ಲ, ಮನಃಪೂರ್ವಕವಾದದ್ದೇ. ಆದರೆ ಸಂಜೆ ಆರು ಗಂಟೆಗೆ ಬಾರ್‌ನ ದೀಪ ಹತ್ತಿದಾಗ, ಸಂಬಳ ಕೈಗೆ ಬಂದಾಗ, ಮೈದುನನ ಮದುವೆಯಲ್ಲಿ ಗೆಳೆಯರು ಕರೆದಾಗ ಮಿದುಳಿನ ಹಳೆಯ ದಾರಿಗಳು ತೆರೆದುಕೊಳ್ಳುತ್ತವೆ. ಆ ದಾರಿಗಳು ಹತ್ತು ದಿನದಲ್ಲಿ ಅಳಿಸಿಹೋಗುವಂಥವಲ್ಲ. ನಿದ್ದೆ, ಮನಸ್ಸಿನ ಉಲ್ಲಾಸ ಪೂರ್ತಿ ಮರಳುವುದಕ್ಕೂ ತಿಂಗಳುಗಳೇ ಬೇಕು. ದೇಹ ಬಿಟ್ಟಿದೆ, ಮನಸ್ಸಿನ್ನೂ ಬಿಟ್ಟಿಲ್ಲ. ನಿರ್ವಿಷೀಕರಣವೆಂದರೆ ಗದ್ದೆಯ ಕಳೆ ಕಿತ್ತಂತೆ. ಬಿತ್ತನೆಯನ್ನೇ ಮಾಡದೆ ಬಿಟ್ಟರೆ ಮುಂದಿನ ಮಳೆಗೆ ಕಳೆಯೇ ತಿರುಗಿ ಬರುತ್ತದೆ.

ಬಿತ್ತನೆ ಎಂದರೆ ಏನು? ಒಂದು, ಆಸೆಯನ್ನು ತಗ್ಗಿಸುವ ಔಷಧಗಳು. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಈಗ ನಮ್ಮಲ್ಲೂ ಸಿಗುತ್ತವೆ. ಯಾರಿಗೆ ಯಾವುದೆಂದು ವೈದ್ಯರು ನಿರ್ಧರಿಸಬೇಕು. ಎರಡು, ಆಪ್ತಸಲಹೆ. ಯಾವ ಹೊತ್ತು, ಯಾವ ಜಾಗ, ಯಾವ ಸಿಟ್ಟು ತನ್ನನ್ನು ಬಾಟಲಿಯ ಕಡೆಗೆ ದೂಡುತ್ತದೆ ಎಂದು ಗುರುತಿಸಿ, ಆಗ ಏನು ಮಾಡಬೇಕೆಂದು ಮೊದಲೇ ತಯಾರಾಗುವುದು. ಮೂರು, ಅದೇ ದಾರಿಯಲ್ಲಿ ನಡೆದವರ ಸಂಗ. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಇಬ್ಬರು ಕುಡುಕರ ಭೇಟಿಯಿಂದ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳು ಬೆಂಗಳೂರು, ಮಂಗಳೂರುಗಳಲ್ಲೂ ನಡೆಯುತ್ತವೆ. ಶುಲ್ಕವಿಲ್ಲ, ಹೆಸರು ಹೊರಗೆ ಹೋಗುವುದಿಲ್ಲ. ಮನೆಯವರಿಗಾಗಿಯೇ ಅಲ್-ಅನಾನ್ ಎಂಬ ಕೂಟವಿದೆ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ನಿಮ್ಮ ಊರಿನ ಹತ್ತಿರವೇ ನಡೆದಿರಬಹುದು. ಇಂಥ ಯಾವ ಶಿಬಿರಕ್ಕೇ ಸೇರಿಸುವುದಿದ್ದರೂ, ಮೇಲೆ ಪಟ್ಟಿ ಮಾಡಿದ ಅಪಾಯಗಳಲ್ಲಿ ಒಂದಿದ್ದರೆ ಮೊದಲು ವೈದ್ಯರಿಗೆ ತೋರಿಸಿ.

ಸಾರಿನಲ್ಲಿ ಬೆರೆಸುವ ಪುಡಿ

‘ಕುಡಿಯುವವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕೊಡಿ’ ಎಂಬ ಜಾಹೀರಾತುಗಳನ್ನು ನೀವು ನೋಡಿರುತ್ತೀರಿ. ಗಂಡನ ಕುಡಿತದಿಂದ ಬೇಸತ್ತ ಹೆಣ್ಣುಮಗಳು ಕೊನೆಯ ಆಸರೆಯೆಂದು ಆ ಪುಡಿಯನ್ನು ತರಿಸುತ್ತಾಳೆ. ಅವಳ ನೋವು ಅರ್ಥವಾಗುವಂಥದ್ದು, ಆದರೆ ಉಪಾಯ ಅಪಾಯಕಾರಿ. ಅಂಥ ಪುಡಿಗಳಲ್ಲಿ ಏನಿದೆ ಎಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಡೈಸಲ್ಫಿರಾಂ ಎಂಬ ಔಷಧವನ್ನೂ ಕೆಲವರು ಹೀಗೆಯೇ ಗುಟ್ಟಾಗಿ ಕೊಡುತ್ತಾರೆ. 1948ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಚಿಕಿತ್ಸೆಗೆ ತಂದ ಇದು, ಅರಿತು ಒಪ್ಪಿ ನುಂಗುವವರಿಗೆ ಒಳ್ಳೆಯ ಕಾವಲುಗಾರ. ಇದನ್ನು ನುಂಗಿದವರು ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೃದಯ ದುರ್ಬಲವಾಗಿದ್ದರೆ ಸಾವೂ ಸಂಭವಿಸಬಹುದು. ಕೊನೆಯ ಮಾತ್ರೆಯ ಎರಡು ವಾರದ ತನಕವೂ ಈ ಪರಿಣಾಮ ಉಳಿಯಬಲ್ಲದು. ತನಗೆ ಕೊಟ್ಟಿದ್ದಾರೆಂದೇ ಗೊತ್ತಿಲ್ಲದವನು ಕುಡಿಯದೆ ಇರುತ್ತಾನೆಯೆ?

ಮನೆಯವರು ಮಾಡಬೇಕಾದದ್ದು

• ಅಮಲಿನಲ್ಲಿರುವಾಗ ಬುದ್ಧಿ ಹೇಳಬೇಡಿ. ಬೆಳಗ್ಗೆ, ಸಮಾಧಾನದ ಹೊತ್ತಿನಲ್ಲಿ, ಒಂದೇ ವಿಷಯ ಮಾತಾಡಿ.
• ಸರಪಳಿ ಹಾಕಿ ಕಟ್ಟುವುದು, ಹೊಡೆಯುವುದು ಚಿಕಿತ್ಸೆಯಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಯಾವುದೇ ಕೇಂದ್ರಕ್ಕೆ ಸೇರಿಸುವ ಮೊದಲು ಅಲ್ಲಿ ವೈದ್ಯರು ಇದ್ದಾರೆಯೆ, ಮನೆಯವರು ಬಂದು ನೋಡಬಹುದೆ ಎಂದು ವಿಚಾರಿಸಿ. ಬೀಗ ಹಾಕಿ ‘ಮೂರು ತಿಂಗಳು ಬರಬೇಡಿ’ ಎನ್ನುವ ಕಡೆ ಬಿಡಬೇಡಿ.
• ಬಿಡುಗಡೆಯಾಗುವ ದಿನವೇ ಮುಂದಿನ ಭೇಟಿಯ ದಿನಾಂಕ ಬರೆಸಿಕೊಳ್ಳಿ. ಮಾತ್ರೆಯನ್ನು ಒಬ್ಬರು ನಿಂತು ಕೊಡಿ, ಅವರಿಗೆ ತಿಳಿದಂತೆ, ಅವರ ಒಪ್ಪಿಗೆಯಿಂದ.
• ಕೈಗೆ ದೊಡ್ಡ ಮೊತ್ತದ ಹಣ ಬರುವ ದಿನ ಜೊತೆಗಿರಿ. ಸಂಜೆಯ ಹೊತ್ತಿಗೆ ಏನಾದರೊಂದು ಕೆಲಸ ಗೊತ್ತುಮಾಡಿ.
• ಮತ್ತೆ ಒಮ್ಮೆ ಕುಡಿದರೆ ‘ಎಲ್ಲ ಮುಗಿಯಿತು’ ಎನ್ನಬೇಡಿ. ಜಾರಿದ್ದು ಒಂದು ಮೆಟ್ಟಿಲು. ಎರಡೇ ದಿನದೊಳಗೆ ವೈದ್ಯರಲ್ಲಿಗೆ ಕರೆದೊಯ್ದರೆ ನಡೆದ ದಾರಿ ಉಳಿಯುತ್ತದೆ.
• ನಿಮ್ಮ ಆರೋಗ್ಯವನ್ನೂ ಮಕ್ಕಳ ಓದನ್ನೂ ಅವರ ಕುಡಿತ ನಿಲ್ಲುವ ತನಕ ಮುಂದೂಡಬೇಡಿ.

ಎಲ್ಲಿಗೆ ಹೋಗಬೇಕು?

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಎಲ್ಲರೂ ಅಲ್ಲಿಗೇ ಹೋಗಬೇಕಿಲ್ಲ. ನಿಮ್ಮ ಜಿಲ್ಲಾ ಆಸ್ಪತ್ರೆಯ ಅಥವಾ ವೈದ್ಯಕೀಯ ಕಾಲೇಜಿನ ಮನೋರೋಗ ವಿಭಾಗದಲ್ಲೂ ಈ ಚಿಕಿತ್ಸೆ ದೊರೆಯುತ್ತದೆ. ಹೊರಡುವ ಮೊದಲು ಮಾತಾಡಬೇಕೆನಿಸಿದರೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416, ಮತ್ತು ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446 ಇವೆ. ಎರಡೂ ಉಚಿತ. ಮಗ ಬ್ರೌನ್ ಶುಗರ್ ಸೇದುತ್ತಾನೆಂದು ತಿಳಿದೂ ಪೊಲೀಸರ ಭಯದಿಂದ ಮುಚ್ಚಿಡುವ ತಂದೆತಾಯಿಗಳಿಗೆ ಒಂದು ಮಾತು: 1985ರ ಮಾದಕ ವಸ್ತು ಕಾಯ್ದೆಯ 64ಎ ಸೆಕ್ಷನ್, ಅಲ್ಪ ಪ್ರಮಾಣದ ಅಥವಾ ಸೇವನೆಯ ಆರೋಪವಿರುವ ವ್ಯಸನಿ ತಾನಾಗಿ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆಯನ್ನು ಪೂರ್ತಿಗೊಳಿಸಬೇಕು, ಅಷ್ಟೆ.

ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯವ್ಯಸನಿಗಳಲ್ಲಿ ಯಾವುದಾದರೂ ಚಿಕಿತ್ಸೆ ಪಡೆದವರು 38 ಮಂದಿಗೆ ಒಬ್ಬರು ಮಾತ್ರ. ಉಳಿದ 37 ಮಂದಿ ಆಣೆ, ಹರಕೆ, ಪುಡಿ, ಬೈಗುಳಗಳ ನಡುವೆ ಕಾಲ ತಳ್ಳುತ್ತಿದ್ದಾರೆ.

ಮಾಲೆ ಹಾಕುವುದು ತಪ್ಪಲ್ಲ. ಬಿಡಬೇಕೆಂಬ ಆ ಸಂಕಲ್ಪವೇ ಚಿಕಿತ್ಸೆಯ ಅರ್ಧ ಬಲ. ಮುಂದಿನ ಸಲ ನಿಮ್ಮ ಮನೆಯಲ್ಲಿ ಯಾರಾದರೂ ವ್ರತಕ್ಕೆಂದು ಕುಡಿತ ಬಿಡುವ ಮಾತೆತ್ತಿದರೆ, ಗುರುಸ್ವಾಮಿಯವರನ್ನು ಕಾಣುವ ಹಿಂದಿನ ವಾರ ಅವರನ್ನು ವೈದ್ಯರ ಬಳಿಗೂ ಕರೆದುಕೊಂಡು ಹೋಗಿ. ಶಬರಿಮಲೆಯಿಂದ ಮರಳಿ ಮಾಲೆ ತೆಗೆಯುವ ದಿನಕ್ಕೂ ವೈದ್ಯರ ಭೇಟಿಯೊಂದನ್ನು ಈಗಲೇ ಗೊತ್ತುಮಾಡಿಕೊಳ್ಳಿ. ಅವರ ಹನ್ನೊಂದನೆಯ ದಿನ ಆರಂಭವಾಗುವುದು ಅಂದು.